ಐದು ಸಲ ಸಿರಪ್ ಕುಡಿದ ಮಗುವಿನ ಹೊಟ್ಟೆ

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಅಂಗನವಾಡಿಗೆ ಹೋಗಲು ಶುರು ಮಾಡಿದ ಮೇಲೆ ಮೇಲಿಂದ ಮೇಲೆ ಶೀತ, ಕೆಮ್ಮು. ಈ ವರ್ಷ ಐದು ಸಲ ಆಂಟಿಬಯಾಟಿಕ್ ಸಿರಪ್ ಆಯಿತು. ಅದರಲ್ಲಿ ಎರಡು ಸಲ ಮೆಡಿಕಲ್ ಶಾಪಿನಲ್ಲೇ ಕೇಳಿ ತಂದೆವು. ಕಳೆದ ಸಲ ಸಿರಪ್ ಹಾಕಿದ ಮೂರನೇ ದಿನಕ್ಕೆ ಭೇದಿ. ಈಗ ಭೇದಿ ನಿಂತಿದೆ, ಊಟ ಮಾತ್ರ ಸೇರುತ್ತಿಲ್ಲ. ಬಿಸ್ಕತ್ತು, ನೂಡಲ್ಸ್ ಬಿಟ್ಟು ಏನೂ ಬೇಡ ಅಂತಾನೆ. ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಸತ್ತುಹೋಗಿದೆಯಾ? ಪಕ್ಕದ ಮನೆಯವರು ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪ್ರೊಬಯಾಟಿಕ್ ಪುಡಿ ಕೊಡಿ ಅಂತಾರೆ. ನಮ್ಮತ್ತೆ ಮಜ್ಜಿಗೆ ಸಾಕು ಅಂತಾರೆ. ಯಾರ ಮಾತು ಕೇಳಲಿ?
- ಒಬ್ಬ ತಾಯಿ, ಅರಸೀಕೆರೆ

ಉತ್ತರ: ಎಲ್ಲ ಸತ್ತಿಲ್ಲ ತಾಯಿ. ಮೊದಲು ಆ ಭಯ ಬಿಡಿ.

ದೊಡ್ಡವರೊಬ್ಬರ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂದು ಲೆಕ್ಕ ಹಾಕಿದ್ದಾರೆ. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ. ಕಾಳು, ಸೊಪ್ಪು, ರಾಗಿಯ ನಾರು ನಮ್ಮಿಂದ ಜೀರ್ಣವಾಗುವುದಿಲ್ಲ, ಅಲ್ವಾ? ಅದು ಇವುಗಳ ಊಟ. ಅದನ್ನು ತಿಂದು ಅವು ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರ ಬದುಕುವುದು ಮುಖ್ಯವಾಗಿ ಅದರಿಂದಲೇ. ಆಂಟಿಬಯಾಟಿಕ್ ಈ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಆಗ ನಾರು, ಸಕ್ಕರೆ ಅಂಶ ಹಾಗೇ ಉಳಿದು ಕರುಳಿಗೆ ನೀರು ಎಳೆದುಕೊಳ್ಳುತ್ತವೆ. ನಿಮ್ಮ ಮಗನಿಗೆ ಭೇದಿ ಆಗಿದ್ದು ಬಹುಶಃ ಹೀಗೆ.

ಮತ್ತೆ ಬೆಳೆಯುತ್ತವಾ? ಬೆಳೆಯುತ್ತವೆ. ಡೆನ್ಮಾರ್ಕಿನಲ್ಲಿ 12 ಜನ ಆರೋಗ್ಯವಂತ ಯುವಕರಿಗೆ ನಾಲ್ಕು ದಿನ ಜೋರಾದ ಆಂಟಿಬಯಾಟಿಕ್ ಕೊಟ್ಟು ನೋಡಿದರು. 2018ರಲ್ಲಿ ಅದರ ವರದಿ ಬಂತು. ಒಂದೂವರೆ ತಿಂಗಳಲ್ಲಿ ಹೊಟ್ಟೆಯ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಮೊದಲಿನಂತಾಯಿತು. ಆದರೆ ಮೊದಲು ಎಲ್ಲರಲ್ಲೂ ಇದ್ದ ಒಂಬತ್ತು ಜಾತಿಗಳು ಆರು ತಿಂಗಳಾದರೂ ಹೆಚ್ಚಿನವರಲ್ಲಿ ಕಾಣಲಿಲ್ಲ. ಅದು ಒಂದೇ ಸಲದ ಕಥೆ. ನಿಮ್ಮ ಮಗನಿಗೆ ವರ್ಷಕ್ಕೆ ಐದು ಸಲ ಆಗಿದೆ. ನನ್ನ ಚಿಂತೆ ಇರುವುದು ಅಲ್ಲಿ.

ಮೊನ್ನೆ ನನ್ನ ಕ್ಲಿನಿಕ್ಕಿಗೆ ಬಂದ ಒಬ್ಬ ತಾಯಿ ಪ್ಲಾಸ್ಟಿಕ್ ಕವರು ಬಿಚ್ಚಿ ಟೇಬಲ್ ಮೇಲೆ ಸುರಿದರು. ನಾಲ್ಕು ಬಾಟಲಿ. ಪುಡಿಗೆ ನೀರು ಬೆರೆಸಿ ಕುಲುಕುವ ಸಿರಪ್ಪು. ಮುಚ್ಚಳದ ಸುತ್ತ ಅಂಟು ಗಟ್ಟಿಯಾಗಿತ್ತು, ತಳದಲ್ಲಿ ಪುಡಿ ಕೂತಿತ್ತು. ಎಲ್ಲದರಲ್ಲೂ ಅರ್ಧ ಉಳಿದಿತ್ತು. "ಜ್ವರ ಬಿಟ್ಟಿತು, ನಿಲ್ಲಿಸಿದೆ. ಮುಂದಿನ ಸಲಕ್ಕೆ ಬೇಕಾಗುತ್ತಲ್ಲ ಡಾಕ್ಟ್ರೇ" ಅಂದರು. ನೀರು ಬೆರೆಸಿದ ಅಂಥ ಸಿರಪ್ ಸಾಮಾನ್ಯವಾಗಿ ಒಂದು ವಾರಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ಎಸೆಯಿರಿ. ಲೇಬಲ್ ಮೇಲೆ ಕೆಂಪು ಗೆರೆ ಇರುವ ಔಷಧಿಯನ್ನು ವೈದ್ಯರ ಚೀಟಿ ಇಲ್ಲದೆ ತರಲೇಬೇಡಿ, ಅಂಗಡಿಯವರು ಕೊಟ್ಟರೂ ಬೇಡ.

ಶೀತ ಬರುವುದು ವೈರಸ್‌ನಿಂದ. ಅದಕ್ಕೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಸಿಂಬಳ ಹಳದಿಯಾದರೂ, ಹಸಿರಾದರೂ ಅಷ್ಟೇ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಶೀತ ಆಗುವುದು ಮಾಮೂಲು. ನೀವು ಗಮನಿಸಬೇಕಾದದ್ದು ಬೇರೆ. ಮಗು ಅಳದೆ ಸುಮ್ನೆ ಮಲಗಿದ್ದಾಗ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ. ನ್ಯುಮೋನಿಯಾ, ಟೈಫಾಯ್ಡ್, ಮೂತ್ರದ ಸೋಂಕಿಗೆ ವೈದ್ಯರು ಆಂಟಿಬಯಾಟಿಕ್ ಬರೆದರೆ ಹೊಟ್ಟೆಯ ಬ್ಯಾಕ್ಟೀರಿಯಾ ನೆನೆದು ಹಿಂಜರಿಯಬೇಡಿ. ಹೇಳಿದಷ್ಟು ದಿನ ಕೊಡಿ. ಅಲ್ಲಿ ಅದು ಮಗುವಿನ ಜೀವ ಉಳಿಸುತ್ತದೆ.

ಇನ್ನು ಪುಡಿಯ ವಿಷಯ. ಔಷಧಿಯ ಜೊತೆಗೇ ಶುರು ಮಾಡಿದರೆ ಕೆಲವು ಪ್ರೊಬಯಾಟಿಕ್‌ಗಳು ಮಕ್ಕಳ ಭೇದಿ ಕಡಿಮೆ ಮಾಡುತ್ತವೆ. ಅದನ್ನು ನಿಮ್ಮ ವೈದ್ಯರು ನಿರ್ಧರಿಸಲಿ. ಭೇದಿ ನಿಂತ ಮೇಲೆ ದುಡ್ಡು ಕೊಟ್ಟು ತರುವ ಅಗತ್ಯ ನನಗೆ ಕಾಣುವುದಿಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ದೊಡ್ಡವರ ಮೇಲೆ ಮಾಡಿದ ಪ್ರಯೋಗದಲ್ಲಿ, ಆಂಟಿಬಯಾಟಿಕ್ ಆದ ಮೇಲೆ ಪ್ರೊಬಯಾಟಿಕ್ ತಿಂದವರಲ್ಲಿ ಅವರದೇ ಹಳೆಯ ಬ್ಯಾಕ್ಟೀರಿಯಾ ಮರಳಿ ಬರುವುದು ಇನ್ನೂ ತಡವಾಯಿತು.

ನಿಮ್ಮತ್ತೆಯವರ ಮಜ್ಜಿಗೆ ಕೊಡಿ. ಕುದಿಸಿದ ಮಜ್ಜಿಗೆ ಹುಳಿ ಈ ಲೆಕ್ಕಕ್ಕೆ ಬರುವುದಿಲ್ಲ, ಕುದಿಯುವಾಗ ಬ್ಯಾಕ್ಟೀರಿಯಾ ಸಾಯುತ್ತದೆ. ಹಸಿ ಮಜ್ಜಿಗೆಯೇ ಬೇಕು. ಆದರೆ ಮಜ್ಜಿಗೆಯೊಂದೇ ಸಾಲದು. ಉಳಿದಿರುವ ಬ್ಯಾಕ್ಟೀರಿಯಾಗೆ ಊಟ ಬೇಕಲ್ಲ? ಮೈದಾ ಬಿಸ್ಕತ್ತಿನಲ್ಲಿ, ನೂಡಲ್ಸಿನಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ ಮೂರೂ ಇಲ್ಲ. ಸಂಜೆಯ ಬಿಸ್ಕತ್ತು ನಿಲ್ಲಿಸಿ, ಹಸಿವು ಹುಟ್ಟಲಿ. ಆಮೇಲೆ ಅಂಗೈಯಗಲದ ರಾಗಿ ರೊಟ್ಟಿಗೆ ತುಪ್ಪ ಸವರಿ ಕೊಡಿ. ಮೆತ್ತಗೆ ಬೇಯಿಸಿದ ಹೆಸರುಕಾಳು, ಸೊಪ್ಪಿನ ಸಾರು, ಬಾಳೆಹಣ್ಣು, ದಿನಕ್ಕೊಂದು ಬದಲಾಯಿಸಿ. ಮೊದಲ ವಾರ ಹಟ ಮಾಡುತ್ತಾನೆ. ನೀವು ಗದರಬೇಡಿ, ಬಿಸ್ಕತ್ತು ಡಬ್ಬಿಯನ್ನೂ ತೆರೆಯಬೇಡಿ. ಎರಡು ವಾರದಲ್ಲಿ ಊಟ ಸೇರದಿದ್ದರೆ, ತೂಕ ಇಳಿದರೆ, ಮಕ್ಕಳ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನನಗೆ 67 ವರ್ಷ. ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಬರೆದಿದ್ದಾರೆ. ಹೊಟ್ಟೆ ಕೆಡದಿರಲಿ ಅಂತ ಮಗಳು ಮಾತ್ರೆ ಜೊತೆಗೇ ಮೊಸರನ್ನ ಕೊಡುತ್ತಾಳೆ. ಸರಿಯೇ?
- ನಿವೃತ್ತ ಶಿಕ್ಷಕರು, ಕುಂದಾಪುರ

ಉತ್ತರ: ಮೇಷ್ಟ್ರೇ, ಮಾತ್ರೆ ಜೊತೆ ಬೇಡ. ಹಾಲು, ಮೊಸರಿನ ಕ್ಯಾಲ್ಸಿಯಂ ಈ ಔಷಧಿಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತದೆ. ನೀರಿನಲ್ಲಿ ಮಾತ್ರೆ ನುಂಗಿ, ಮೊಸರನ್ನಕ್ಕೆ ಕನಿಷ್ಠ ಎರಡು ಗಂಟೆ ಬಿಡಿ. ಇನ್ನೊಂದು ಮಾತು. ಕೋರ್ಸ್ ಮುಗಿದು ಕೆಲವು ವಾರ ಕಳೆದ ಮೇಲೂ ದಿನಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ನೀರಿನಂತೆ ಭೇದಿಯಾದರೆ ಅಥವಾ ರಕ್ತ ಕಂಡರೆ, ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವೇ ತೆಗೆದುಕೊಳ್ಳಬೇಡಿ. ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾದ ಜಾಗದಲ್ಲಿ ಕ್ಲೊಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದಿರಬಹುದು. 65 ದಾಟಿದವರಿಗೆ ಅದರ ಅಪಾಯ ಜಾಸ್ತಿ. ವೈದ್ಯರ ಹತ್ತಿರ ಹೋಗಿ, ಯಾವ ಆಂಟಿಬಯಾಟಿಕ್ ತೆಗೆದುಕೊಂಡಿದ್ದಿರಿ ಅಂತ ಚೀಟಿ ತೋರಿಸಿ ಹೇಳಿ.