ರೋಮಿನ ಇಗರ್ಜಿಗಳು ಎಲ್ಲ ಒಂದೇ ಥರ ಅಲ್ಲ

ಸೆಪ್ಟೆಂಬರಿನಲ್ಲಿ ಓದಲಿಕ್ಕೆ ರೋಮಿಗೆ ಬರುತ್ತಿರುವ ನೀವು ರೂಮು, ಊಟ, ಪಾರ್ಟ್‌ಟೈಮ್ ಕೆಲಸ ಎಲ್ಲ ವಿಚಾರಿಸಿ, ಕೊನೆಗೆ "ಚರ್ಚುಗಳೆಲ್ಲ ಒಂದೇ ಥರ ಅಲ್ವಾ, ಒಂದೆರಡು ನೋಡಿದರೆ ಸಾಕಾ? ನಮ್ಮನ್ನು ಒಳಗೆ ಬಿಡ್ತಾರಾ?" ಎಂದು ಕೇಳಿದ್ದೀರಿ.

ರೂಮು ಕಣ್ಣಾರೆ ನೋಡದೆ ಅಡ್ವಾನ್ಸ್ ಕಳಿಸಬೇಡಿ. ಬಂದಿಳಿದ ಮೇಲೆ 8 ಕೆಲಸದ ದಿನಗಳೊಳಗೆ ಅಂಚೆ ಕಚೇರಿಯಲ್ಲಿ ವಾಸದ ಪರ್ಮಿಟ್ಟಿಗೆ ಅರ್ಜಿ ಹಾಕಿ, ರಸೀದಿ ಜೋಪಾನ. ಬೆಂಡೆಕಾಯಿ, ಕರಿಬೇವಿಗೆ ಎಸ್ಕ್ವಿಲಿನೊ ಮಾರ್ಕೆಟ್ ಇದೆ. ಕೆಲಸ ಬೇಕಿದ್ದರೆ ಇಟಾಲಿಯನ್ ಈಗಿಂದಲೇ ಕಲಿಯಿರಿ.

ಇಗರ್ಜಿಗೆ ಖಂಡಿತ ಬಿಡ್ತಾರೆ. ಹೆಚ್ಚಿನವಕ್ಕೆ ಟಿಕೆಟ್ಟೂ ಇಲ್ಲ. ಭುಜ, ಮಂಡಿ ಮುಚ್ಚಿರಲಿ. ಮಧ್ಯಾಹ್ನ ಅನೇಕ ಕಡೆ ಬಾಗಿಲು ಹಾಕುತ್ತಾರೆ. ದೇವಸ್ಥಾನದ ಹೊತ್ತು ಗೊತ್ತಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಒಂದೇ ಥರ ಅಂತ ಮಾತ್ರ ಅನ್ನಬೇಡಿ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ನವೆಂಬರಿನ ಮಳೆಗೆ ನಿಲ್ಲಲು ಹೊಕ್ಕದ್ದು ಜೆಸೂ ಇಗರ್ಜಿಗೆ. ಜೆಸ್ವಿಟರೆಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಮೂಲಮನೆ ಅದು, 1568ರಲ್ಲಿ ವಾಸ್ತುಶಿಲ್ಪಿ ವಿನ್ಯೋಲಾ ಕಟ್ಟಲು ತೊಡಗಿದ್ದು. ನಡುವೆ ಕಂಬಗಳ ಸಾಲೇ ಇಲ್ಲ. ಎಲ್ಲಿ ಕೂತರೂ ಬಲಿಪೀಠ ಕಾಣಬೇಕು, ಪ್ರವಚನ ಕೇಳಬೇಕು. ಆ ಕಾಲಕ್ಕೆ ಪೋಪರಿಂದ ಬೇರೆಯಾದ ಪ್ರೊಟೆಸ್ಟೆಂಟರು ಎಷ್ಟೋ ಊರುಗಳಲ್ಲಿ ಮೂರ್ತಿ, ಚಿತ್ರಗಳನ್ನು ಕಿತ್ತುಹಾಕಿದ್ದರು. 1563ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಸಭೆ ಚಿತ್ರಗಳು ಇರಲಿ, ಜನರಿಗೆ ಧರ್ಮ ಕಲಿಸಲಿ ಎಂದು ತೀರ್ಮಾನಿಸಿತು. ಮುಂದಿನ ನೂರು ವರ್ಷ ರೋಮಿನ ಕಲಾವಿದರು ಕೊಟ್ಟ ಉತ್ತರ ಆ ತೀರ್ಮಾನಕ್ಕಿಂತ ಎಷ್ಟೋ ದೊಡ್ಡದು. ತಲೆ ಎತ್ತಿ ನೋಡಿ: ಚಿತ್ರಕಾರ ಗೌಲ್ಲಿ 1670ರ ದಶಕದಲ್ಲಿ ಬರೆದ ಚಾವಣಿಯಲ್ಲಿ ಪಾಪಿಗಳು ಚೌಕಟ್ಟು ದಾಟಿ ಕೆಳಕ್ಕೆ ಉರುಳುತ್ತಾರೆ, ಅವರ ನೆರಳು ಪಕ್ಕದ ಚಿನ್ನದ ಕೆತ್ತನೆಯ ಮೇಲೆ ಬಿದ್ದಿದೆ. ಆ ನೆರಳೂ ಬಣ್ಣದ್ದೇ. ಅಲ್ಲೇ ಬಲಗಡೆ ಸಂತ ಫ್ರಾನ್ಸಿಸ್ ಕ್ಸೇವಿಯರರ ಮುಂಗೈ ಇದೆ. ಉಳಿದ ದೇಹದ ಬಹುಭಾಗ ನಮ್ಮ ಪಕ್ಕದ ಹಳೇ ಗೋವಾದಲ್ಲಿ. ಸಂಜೆ ಐದೂವರೆಗೆ, ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸರ ವೇದಿಕೆಯ ದೊಡ್ಡ ಚಿತ್ರ ಕೆಳಗಿಳಿದು ಹಿಂದಿನ ಮೂರ್ತಿ ಕಾಣುತ್ತದೆ, ಮಂಗಳಾರತಿಗೆ ಪರದೆ ಸರಿದ ಹಾಗೆ.

ಅಲ್ಲಿಂದ ಐದು ನಿಮಿಷ ನಡೆದರೆ ಸಾಂತ್ ಇನ್ಯಾತ್ಸಿಯೊ. ಅಲ್ಲಿ ಗುಮ್ಮಟವೇ ಇಲ್ಲ. ಜೆಸ್ವಿಟ್ ಬ್ರದರ್ ಆಂದ್ರೆಯಾ ಪೊಟ್ಸೊ 1685ರಲ್ಲಿ ಬಟ್ಟೆಯ ಮೇಲೆ ಗುಮ್ಮಟ ಬರೆದು ಮೇಲೆ ಕೂರಿಸಿದ. ನೆಲದ ಅಮೃತಶಿಲೆಯ ಬಿಲ್ಲೆಯ ಮೇಲೆ ನಿಂತರೆ ಅದು ನಿಜವಾದ ಗುಮ್ಮಟ. ನಾಲ್ಕು ಹೆಜ್ಜೆ ಸರಿದರೆ ವಾಲಿಕೊಳ್ಳುತ್ತದೆ. ಬಲಬದಿಯ ವೇದಿಕೆಯಲ್ಲಿ, ನೀಲಿ ಲ್ಯಾಪಿಸ್ ಕಲ್ಲಿನ ಪೆಟ್ಟಿಗೆಯೊಳಗೆ, ಪ್ಲೇಗ್ ರೋಗಿಗಳ ಸೇವೆ ಮಾಡುತ್ತಲೇ 1591ರಲ್ಲಿ, 23ಕ್ಕೇ ತೀರಿಕೊಂಡ ಅಲೋಶಿಯಸ್ ಗೊನ್ಜಾಗಾ ಇದ್ದಾರೆ. ಮಂಗಳೂರಿನ ಬಾವುಟಗುಡ್ಡೆಯ ಚಾಪೆಲ್ ಇವರದೇ ಹೆಸರಿನದು. ಅದರ ಗೋಡೆ, ಚಾವಣಿ ತುಂಬ ಚಿತ್ರ ಬರೆದ ಮೊಸ್ಕೇನಿ ಕೂಡ ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್.

ಅಮ್ಮ ಆ ಚಾಪೆಲ್ಲಿನ ಹತ್ತಿರವೇ ಟೀಚರಾಗಿದ್ದರು. ದಸರಾ ರಜೆಯಲ್ಲಿ ನಮ್ಮನ್ನು ಕರೆದುಕೊಂಡು ಹೋಗಿ ಒಂದೊಂದು ಚಿತ್ರದ ಕತೆ ಹೇಳುತ್ತಿದ್ದರು. ಅವರನ್ನು ಈ ಬಿಲ್ಲೆಯ ಮೇಲೆ ನಿಲ್ಲಿಸಬೇಕೆಂದು ಬಹಳ ಆಸೆಯಿತ್ತು. ನನ್ನ ಪರ್ಮಿಟ್ ನವೀಕರಣ ತಿಂಗಳುಗಟ್ಟಲೆ ಕಚೇರಿಯಲ್ಲಿ ಕೂತಿತು. ಅದು ಕೈಗೆ ಬರುವಷ್ಟರಲ್ಲಿ ಅಮ್ಮನಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ಮರುವರ್ಷ ಹೋಗಿಯೇಬಿಟ್ಟರು. ಆ ಕೊರಗು ಇಂದಿಗೂ ಹೋಗಿಲ್ಲ. ನಿಮ್ಮ ಅಪ್ಪ ಅಮ್ಮನನ್ನು ಕರೆಸುವುದಿದ್ದರೆ ಮೊದಲ ವರ್ಷವೇ ಕರೆಸಿ. ಡಿಗ್ರಿ ಮುಗಿಯಲಿ, ಕೆಲಸ ಸಿಗಲಿ ಅಂತ ಕಾಯಬೇಡಿ.

ಸಾನ್ ಲುಯಿಜಿ ಇಗರ್ಜಿಯಲ್ಲಿ ಚಿತ್ರಕಾರ ಕಾರವಾಜ್ಜೊನ ಚಿತ್ರಗಳನ್ನು ನೋಡಲು ಚಿಲ್ಲರೆ ಇಟ್ಟುಕೊಳ್ಳಿ, ನಾಣ್ಯ ಹಾಕಿದರೆ ದೀಪ ಹತ್ತುತ್ತದೆ. ಬಾಡಿಗೆ ಕರಾರನ್ನು ಸಹಿ ಹಾಕುವ ಮುಂಚೆ ನನಗೊಮ್ಮೆ ಕಳಿಸಿ, ಓದಿ ಹೇಳುತ್ತೇನೆ.