ನಾಲ್ಕು ವರ್ಷದ ಮಗಳು ರಾತ್ರಿ ಮಲಗಲು ಹಠ ಮಾಡುತ್ತಾಳೆ, ಗದರಿಸದೆ ಮಲಗಿಸುವುದು ಹೇಗೆ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಮ್ಮ ಮನೆಯ ಹಳೆಯ ರಾತ್ರಿಗಳು ಕಣ್ಣೆದುರು ಬಂದವು. ಒಂಬತ್ತಕ್ಕೆ ದೀಪ ಆರಿಸುತ್ತೀರಿ. ಆಮೇಲೆ ನೀರು ಬೇಕು, ಮೂತ್ರ ಬಂತು, ಕಾಲು ನೋಯುತ್ತಿದೆ, ಇನ್ನೊಂದೇ ಒಂದು ಕಥೆ. ಹತ್ತೂವರೆಯ ಹೊತ್ತಿಗೆ ನಿಮ್ಮ ತಾಳ್ಮೆ ತಪ್ಪುತ್ತದೆ, ಅವಳು ಬಿಕ್ಕುತ್ತಾ ಮಲಗುತ್ತಾಳೆ, ನಿಮಗೆ ಮಾತ್ರ ನಿದ್ದೆ ಹತ್ತುವುದಿಲ್ಲ. ದೊಡ್ಡ ಮಗನ ಜೊತೆ ಎರಡು ವರ್ಷ ಇದೇ ಜಗಳ ಆಡಿ ಸೋತವನು ನಾನು. ಚಿಕ್ಕವಳ ವೇಳೆಗೆ ಸ್ವಲ್ಪ ಬುದ್ಧಿ ಬಂದಿತ್ತು. ನಾನು ವೈದ್ಯನಲ್ಲ. ಓದಿದ್ದನ್ನೂ ಪಟ್ಟ ಪಾಡನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ನೀವೇ ಕೊಟ್ಟಿರುವ ಲೆಕ್ಕ ನೋಡೋಣ. ಮಗಳು ಮಧ್ಯಾಹ್ನ ಮೂರರಿಂದ ಐದರವರೆಗೆ ಮಲಗುತ್ತಾಳೆ, ಬೆಳಿಗ್ಗೆ ಏಳಕ್ಕೆ ಏಳುತ್ತಾಳೆ ಎಂದಿದ್ದೀರಿ. ರಾತ್ರಿ ಹತ್ತೂವರೆಗೆ ಮಲಗಿದರೂ ಎಂಟೂವರೆ ಗಂಟೆ, ಹಗಲಿನದು ಎರಡು ಗಂಟೆ, ಒಟ್ಟು ಹತ್ತೂವರೆ ಗಂಟೆ ಆಯಿತು. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಸೂಚಿಸಿದೆ. ಅಂದರೆ ನಿಮ್ಮ ಮಗಳು ತನಗೆ ಬೇಕಾದ ನಿದ್ದೆಯನ್ನು ಹೆಚ್ಚುಕಡಿಮೆ ಪೂರೈಸಿಕೊಳ್ಳುತ್ತಲೇ ಇದ್ದಾಳೆ. ಒಂಬತ್ತಕ್ಕೆ ಅವಳಿಗೆ ನಿದ್ದೆಯೇ ಬಂದಿರುವುದಿಲ್ಲ. ನಿದ್ದೆ ಬಾರದ ನಮ್ಮನ್ನು ಯಾರಾದರೂ ಕತ್ತಲೆ ಕೋಣೆಯಲ್ಲಿ ಒಂದೂವರೆ ಗಂಟೆ ಅಲುಗಾಡದೆ ಮಲಗು ಎಂದರೆ ನಾವೂ ನೀರು ಕೇಳುತ್ತೇವೆ.

ನಿದ್ದೆ ಬರಲು ಎರಡು ಸಂಗತಿಗಳು ಕೂಡಿ ಬರಬೇಕು. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗಿ ನಿದ್ದೆಯ ಒತ್ತಡ ಏರುತ್ತದೆ. ಹಗಲು ಮಲಗಿದರೆ ಅದು ಇಳಿಯುತ್ತದೆ. ಸಂಜೆ ಐದಕ್ಕೆ ಎದ್ದ ಮಗುವಿನಲ್ಲಿ ಒಂಬತ್ತರ ಹೊತ್ತಿಗೆ ಆ ಒತ್ತಡ ಸಾಕಷ್ಟು ಏರಿರುವುದಿಲ್ಲ. ಇನ್ನೊಂದು, ದೇಹದ ಒಳಗಡಿಯಾರ. ಕತ್ತಲಾದ ಮೇಲೆ ಅದು ದೇಹವನ್ನು ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನ್ ಸ್ರವಿಸಲು ಅಪ್ಪಣೆ ಕೊಡುತ್ತದೆ. ಆದರೆ ಅದಕ್ಕೂ ಮುಂಚಿನ ಒಂದೆರಡು ಗಂಟೆ ಅದೇ ಗಡಿಯಾರ ಎಚ್ಚರವನ್ನು ಹಿಡಿದು ನಿಲ್ಲಿಸಿರುತ್ತದೆ. ಮಲಗುವ ಮುನ್ನ ಮಕ್ಕಳು ಇದ್ದಕ್ಕಿದ್ದಂತೆ ಹಾಸಿಗೆಯ ಮೇಲೆ ಕುಣಿಯಲು ಶುರು ಮಾಡುವುದಕ್ಕೆ ಇದೂ ಒಂದು ಕಾರಣ. ನಾನು ಅದನ್ನು ಬಹಳ ದಿನ ಹಠ ಎಂದೇ ತಿಳಿದಿದ್ದೆ.

ಆದ್ದರಿಂದ ಮೊದಲು ಹಗಲಿನ ನಿದ್ದೆಗೆ ಕೈ ಹಾಕಿ. ಅದನ್ನು ಮಧ್ಯಾಹ್ನ ಒಂದರ ಸುಮಾರಿಗೆ ಹಿಂದೂಡಿ, ಅವಧಿಯನ್ನು ಒಂದು ಗಂಟೆಗೆ ಇಳಿಸಿ. ಈ ವಯಸ್ಸಿನ ಅನೇಕ ಮಕ್ಕಳು ಹಗಲಿನ ನಿದ್ದೆಯನ್ನು ತಾವಾಗಿಯೇ ಬಿಡುತ್ತಿರುತ್ತಾರೆ, ನಿಮ್ಮವಳೂ ಬಿಡಬಹುದು. ಎರಡನೆಯದು ಕೇಳಲು ವಿಚಿತ್ರವಾಗಿದೆ: ಸದ್ಯಕ್ಕೆ ಅವಳನ್ನು ಒಂಬತ್ತಕ್ಕೆ ಮಲಗಿಸಲೇಬೇಡಿ. ನಿಜವಾಗಿ ಕಣ್ಣು ಮುಚ್ಚುವ ಹೊತ್ತು ಹತ್ತೂವರೆ ತಾನೆ? ಹತ್ತೂಕಾಲಕ್ಕೆ ಹಾಸಿಗೆಗೆ ಕರೆದೊಯ್ಯಿರಿ. ಜಗಳವಿಲ್ಲದೆ ಬೇಗ ನಿದ್ದೆ ಹತ್ತುತ್ತದೆ. ಮೂರು ನಾಲ್ಕು ರಾತ್ರಿ ಹಾಗೆ ಸಲೀಸಾಗಿ ಹೋದ ಮೇಲೆ ಹದಿನೈದು ನಿಮಿಷ ಮುಂಚಿತವಾಗಿ, ಮತ್ತೆ ಕೆಲವು ದಿನಕ್ಕೆ ಇನ್ನೊಂದು ಹದಿನೈದು ನಿಮಿಷ. ಏಳುವ ಹೊತ್ತು ಮಾತ್ರ ಭಾನುವಾರವೂ ಬದಲಾಗಬಾರದು. ಎದ್ದ ಕೂಡಲೇ ಕಿಟಕಿ ತೆರೆದು ಬೆಳಕು ಬೀಳಲಿ. ನಾನು ಹೀಗೆ ಮಾಡಿದಾಗ ನನ್ನ ಅಮ್ಮ ‘ಅಷ್ಟು ಹೊತ್ತು ಮಗುವನ್ನು ಎಚ್ಚರವಾಗಿಡುತ್ತೀಯಾ’ ಎಂದು ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದರು. ಮೂರನೆಯ ವಾರ ಅವರೇ ಸುಮ್ಮನಾದರು.

ಬೆಳಕಿನ ವಿಷಯದಲ್ಲಿ ನಾವು ದೊಡ್ಡವರು ಉಡಾಫೆ ಮಾಡುತ್ತೇವೆ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ನಮ್ಮದಕ್ಕಿಂತ ತಿಳಿ. ಅದೇ ಬಲ್ಬಿನ ಬೆಳಕು ಅವರ ಕಣ್ಣೊಳಗೆ ಹೆಚ್ಚು ಇಳಿದು ಮೆಲಟೋನಿನ್ ಅನ್ನು ತಡೆಯುತ್ತದೆ. ಮಲಗುವ ಒಂದು ಗಂಟೆ ಮುಂಚೆ ಕೋಣೆಯ ದೊಡ್ಡ ದೀಪ ಆರಿಸಿ, ಮಂದವಾದ ಒಂದು ದೀಪ ಉಳಿಸಿಕೊಳ್ಳಿ. ಮೊಬೈಲ್, ಟಿವಿ ಅದಕ್ಕೂ ಮೊದಲೇ ಬಂದ್ ಆಗಲಿ. ನಿಮ್ಮ ಮೊಬೈಲ್ ಕೂಡ; ನಾನು ಕಥೆ ಓದುತ್ತಾ ಒಂದು ಕಣ್ಣು ಮೊಬೈಲಿನ ಮೇಲಿಟ್ಟ ರಾತ್ರಿಗಳಲ್ಲಿ ಮಗ ಮೂರು ಪಟ್ಟು ಕಾಟ ಕೊಡುತ್ತಿದ್ದ.

ಮಲಗುವ ಮುನ್ನದ ಅರ್ಧ ಗಂಟೆಗೆ ಒಂದು ಕ್ರಮ ಇಟ್ಟುಕೊಳ್ಳಿ, ಅದು ದಿನವೂ ಒಂದೇ ಆಗಿರಲಿ. ನಮ್ಮಲ್ಲಿ ಬೆಚ್ಚಗಿನ ನೀರಿನ ಸ್ನಾನ, ಹಲ್ಲು, ಶೌಚ, ಎರಡು ಕಥೆ, ದೀಪ. ಸ್ನಾನದಿಂದ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಹೋಗುತ್ತದೆ, ದೇಹದ ಒಳತಾಪ ಇಳಿದಾಗ ಜೊಂಪು ಸುಲಭವಾಗಿ ಹತ್ತುತ್ತದೆ. ಆದರೆ ಸ್ನಾನಕ್ಕಿಂತ ಮುಖ್ಯವಾದದ್ದು ಎಣಿಕೆ. ಎರಡು ಕಥೆ ಎಂದರೆ ಎರಡೇ, ಪುಸ್ತಕಗಳನ್ನು ಅವಳೇ ಮೊದಲು ಆರಿಸಿಕೊಳ್ಳಲಿ. ‘ಆಯಿತು, ಇದೇ ಕೊನೆಯದು’ ಎಂದು ಮೂರನೆಯದನ್ನು ಓದಿದಿರೋ, ಕೊನೆಯದು ಎಂಬ ಮಾತಿಗೆ ಅರ್ಥವಿಲ್ಲ ಎಂದು ಅವಳಿಗೆ ಕಲಿಸಿದಂತೆ. ಒಂದು ದಿನ ಒಪ್ಪಿ ಇನ್ನೊಂದು ದಿನ ಗದರುವುದು ದಿನವೂ ಒಪ್ಪುವುದಕ್ಕಿಂತ ಕೆಟ್ಟದ್ದು. ಇವತ್ತು ಒಲಿಯಬಹುದು ಎಂಬ ಆಸೆಯೇ ಹಠವನ್ನು ಬೆಳೆಸುತ್ತದೆ.

ದೀಪ ಆರಿದ ಮೇಲಿನ ನೀರು-ಮೂತ್ರದ ಯಾತ್ರೆಗೆ ನನಗೆ ನೆರವಾದದ್ದು ಒಂದು ಚೀಟಿ. ಅಮೆರಿಕದ ಮನೋವಿಜ್ಞಾನಿ ಪ್ಯಾಟ್ರಿಕ್ ಫ್ರೀಮನ್ ಮತ್ತು ಸಂಗಡಿಗರು 1999ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಮಲಗುವಾಗ ಮಗುವಿಗೆ ಒಂದು ಚೀಟಿ ಕೊಡುವುದು. ಅದನ್ನು ಕೊಟ್ಟು ಒಂದೇ ಸಲ ಎದ್ದು ಬರಬಹುದು, ಅಥವಾ ಒಂದೇ ಒಂದು ಬೇಡಿಕೆ ಇಡಬಹುದು. ಆಮೇಲೆ ಚೀಟಿ ನಿಮ್ಮ ಕೈಯಲ್ಲಿ, ಆ ರಾತ್ರಿಗೆ ಅಷ್ಟೇ. ನನ್ನ ಮಗ ಮೊದಲ ರಾತ್ರಿ ಎರಡೇ ನಿಮಿಷಕ್ಕೆ ಅದನ್ನು ಖರ್ಚು ಮಾಡಿ, ಆಮೇಲೆ ಬಾಗಿಲಲ್ಲಿ ನಿಂತು ಸಾಲ ಕೇಳಿದ. ಮಾತನಾಡದೆ ಕೈ ಹಿಡಿದು ಹಾಸಿಗೆಗೆ ಬಿಟ್ಟು ಬಂದೆ, ಐದು ಸಲ. ವಾರ ಕಳೆಯುವಷ್ಟರಲ್ಲಿ ಚೀಟಿಯನ್ನು ಖರ್ಚು ಮಾಡಲು ಅವನಿಗೇ ಮನಸ್ಸಾಗದೆ ದಿಂಬಿನ ಕೆಳಗಿಟ್ಟು ಮಲಗತೊಡಗಿದ. ಮೂತ್ರ ನಿಜವಾಗಿ ಬಂದಿದ್ದರೆ ಅದಕ್ಕೆ ಚೀಟಿ ಕೇಳಬೇಡಿ, ಅಷ್ಟು ಕಟುಕರಾಗುವುದು ಬೇಡ.

ತಟ್ಟಿದರೆ ಮಾತ್ರ ಮಲಗುತ್ತಾಳೆ ಎಂದೂ ಬರೆದಿದ್ದೀರಿ. ತಟ್ಟುವುದರಲ್ಲಿ ತಪ್ಪೇನಿಲ್ಲ. ಆದರೆ ಮಕ್ಕಳು ರಾತ್ರಿ ಹಲವು ಬಾರಿ ಅರೆ ಎಚ್ಚರವಾಗುತ್ತಾರೆ, ಆಗೆಲ್ಲ ಅದೇ ಕೈಯನ್ನು ಹುಡುಕುತ್ತಾರೆ. ಬಿಡಿಸಬೇಕೆಂದಿದ್ದರೆ ಕೆಲವು ದಿನ ತಟ್ಟದೆ ಪಕ್ಕದಲ್ಲಿ ಕುಳಿತಿರಿ, ಆಮೇಲೆ ಕುರ್ಚಿಯನ್ನು ಬಾಗಿಲ ಕಡೆಗೆ ಸರಿಸುತ್ತಾ ಹೋಗಿ.

ಹೆಚ್ಚಿನ ರಾತ್ರಿ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವುದು ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಗಂಟಲಿನ ಟಾನ್ಸಿಲ್ ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ಊದಿಕೊಂಡಿರಬಹುದು. ಕಾಲು ನೋವು ದಿನವೂ ಮಲಗುವ ಹೊತ್ತಿಗೇ ಬಂದು, ಕಾಲಾಡಿಸಿದರೆ ಹಗುರಾಗುತ್ತದೆ ಎಂದರೆ ಅದನ್ನು ನೆಪ ಎಂದು ತಳ್ಳಿಹಾಕಬೇಡಿ, ಕಬ್ಬಿಣಾಂಶದ ಕೊರತೆಯಿಂದಲೂ ಹಾಗಾಗುತ್ತದೆ. ಮೆಲಟೋನಿನ್ ಮಾತ್ರೆಯನ್ನಂತೂ ವೈದ್ಯರು ಹೇಳದೆ ಕೊಡಬೇಡಿ.

ಅಪ್ಪ ಮಲಗಿಸಬೇಕೋ ಅಮ್ಮನೋ ಎಂದು ಕೊನೆಯಲ್ಲಿ ಕೇಳಿದ್ದೀರಿ. ಕ್ರಮ ಒಂದೇ ಇದ್ದರೆ ಯಾರಾದರೂ ಆಗುತ್ತದೆ. ನಮ್ಮಲ್ಲಿ ದಿನ ಬಿಟ್ಟು ದಿನ. ಅಮ್ಮನ ಕಥೆಯಲ್ಲಿ ಹುಲಿ ಕಾಡಿಗೆ ಓಡಿಹೋಗುತ್ತದೆ, ಅಪ್ಪನ ಕಥೆಯಲ್ಲಿ ಬಾವಿಗೆ ಬೀಳುತ್ತದೆ ಎಂಬ ದೂರೊಂದು ಚಿಕ್ಕವಳಿಂದ ಈಗಲೂ ಬರುತ್ತಿರುತ್ತದೆ.