‘ತವರಿನ ಮೇಲೆ ಬಾಂಬು’ ಕಥೆಯ ಲೇಖಕರಿಗೆ

ಮಾನ್ಯರೆ,

ನಿಮ್ಮ ಕಥೆ ತಲುಪಿತು. ಹಿಟ್ಲರನ ಜರ್ಮನಿಯಿಂದ ಪಾರಾಗಿ ಬಂದ ಯಹೂದಿ ಯುವಕನೊಬ್ಬ ಬ್ರಿಟಿಷ್ ವಾಯುಪಡೆಯ 101ನೇ ಸ್ಕ್ವಾಡ್ರನ್ ಸೇರಿ, ತಾನು ಹುಟ್ಟಿದ ಊರಿನ ಮೇಲಿನ ದಾಳಿಗೇ ಹೊರಡುವ ಕಥೆ ನಮ್ಮ ಪತ್ರಿಕೆಗೆ ಈವರೆಗೆ ಬಂದಿರಲಿಲ್ಲ. 1940ರಲ್ಲಿ ಬ್ರಿಟಿಷರು ಅವನನ್ನೇ ಶತ್ರುದೇಶದವನೆಂದು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಕೂಡಿಹಾಕುವ ಭಾಗ ಚೆನ್ನಾಗಿದೆ, ಭಾಷೆಯೂ ಶುದ್ಧವಾಗಿದೆ. ಆದರೆ ಅವನು ಇಂಗ್ಲೆಂಡಿನ ಲಡ್‌ಫರ್ಡ್ ಮ್ಯಾಗ್ನಾದ ನೆಲೆಯಲ್ಲಿ ಲ್ಯಾಂಕಾಸ್ಟರ್ ಬಾಂಬರ್ ವಿಮಾನ ಹತ್ತಿದ್ದೇ ತಡ, ನನಗೆ ಸಿಟ್ಟು ಬರತೊಡಗಿತು.

‘ಕಿಟಕಿಗೆ ಹಣೆಯೊತ್ತಿ, ಕೆಳಗೆ ಮಿನುಗುತ್ತಿದ್ದ ತನ್ನೂರಿನ ದೀಪಗಳನ್ನು ಕಂಡು ಬಿಕ್ಕಿದ’ ಎಂದು ಬರೆದಿದ್ದೀರಿ. 1943ರಲ್ಲಿ ಯಾವ ಜರ್ಮನ್ ಊರು ದೀಪ ಹಚ್ಚಿಕೊಂಡು ಬಾಂಬರುಗಳ ದಾರಿ ಕಾಯುತ್ತಿತ್ತು? ಅದಿರಲಿ, ಹೊರಗೆ ನೋಡುತ್ತ ಕೂರುವುದು ಅವನ ಕೆಲಸವೇ ಆಗಿರಲಿಲ್ಲ. ಏಳು ಜನರ ತಂಡಕ್ಕೆ ಎಂಟನೆಯವನಾಗಿ ಸೇರಿದ, ಜರ್ಮನ್ ಬಲ್ಲ ಈ ‘ಸ್ಪೆಷಲ್ ಆಪರೇಟರ್’ ವಿಮಾನದ ಒಡಲೊಳಗೆ, ಕತ್ತಲಲ್ಲಿ, ಪುಟ್ಟದೊಂದು ಕ್ಯಾಥೋಡ್ ಕಿರಣದ ಪರದೆಯ ಮುಂದೆ ಕೂತಿರುತ್ತಿದ್ದ. ಪರದೆಯ ಗೆರೆಯ ಮೇಲೆ ಎಲ್ಲಾದರೂ ಒಂದು ಮೊನೆ ಎದ್ದರೆ ರಿಸೀವರನ್ನು ಅಲ್ಲಿಗೆ ತಿರುಗಿಸಿ, ಕಿವಿಗೊಟ್ಟು ಕೇಳಿ, ಅದು ರಾತ್ರಿ ಕಾದಾಟದ ವಿಮಾನಗಳಿಗೆ ದಾರಿ ಹೇಳುವ ಜರ್ಮನ್ ದನಿಯೇ ಎಂದು ಖಚಿತವಾದ ಕೂಡಲೇ ಅದೇ ತರಂಗಾಂತರದಲ್ಲಿ ತನ್ನ ಟ್ರಾನ್ಸ್‌ಮಿಟರಿನ ಕರ್ಕಶ ಸದ್ದನ್ನು ತುಂಬಬೇಕಿತ್ತು. ಬಾಲ್ಯದ ಮಾತನ್ನು ಇಯರ್‌ಫೋನಿನಲ್ಲಿ ಕೇಳುವುದು, ಕೇಳಿ ಗುರುತಿಸುವುದು, ಗುರುತಿಸಿದ ಮರುಕ್ಷಣ ತನ್ನ ಕೈಯಿಂದಲೇ ಅದನ್ನು ಅಡಗಿಸುವುದು: ನಿಮ್ಮ ಕಥೆ ಇರುವುದು ಇಲ್ಲಿ. ನೀವು ಅದನ್ನು ಬಿಟ್ಟು ಕಿಟಕಿ ಹುಡುಕಿದ್ದೀರಿ.

ಮುಂದಿನ ಪುಟದಲ್ಲಿ ಅವನು ‘ಮೈಕು ಹಿಡಿದು ಜರ್ಮನ್ ಪೈಲಟ್‌ಗಳಿಗೆ ಸುಳ್ಳು ಆಜ್ಞೆಗಳನ್ನು ಗುಡುಗಿದ.’ ಆ ಕೆಲಸ ನಡೆದದ್ದು ಆಕಾಶದಲ್ಲಲ್ಲ. 1943ರ ಅಕ್ಟೋಬರ್ 22ರ ರಾತ್ರಿ, ಕಾಸೆಲ್ ನಗರದ ಮೇಲಿನ ದಾಳಿಯ ವೇಳೆ ಶುರುವಾದ ‘ಕರೋನಾ’ ಎಂಬ ತಂತ್ರವದು. ಜರ್ಮನ್ ಬಲ್ಲವರು ಇಂಗ್ಲೆಂಡಿನ ಕೆಂಟ್ ಪ್ರಾಂತದ ಕಿಂಗ್ಸ್‌ಡೌನ್‌ನಲ್ಲಿ ಕೂತು ಅಲ್ಲಿಂದ ಮಾತಾಡುತ್ತಿದ್ದರು. ನಿಮ್ಮ ನಾಯಕನಿಗೆ ಉತ್ತರ ಕೊಡುವ ಅವಕಾಶವೇ ಇರಲಿಲ್ಲ. ಮಾತು ಬಲ್ಲವನನ್ನು ಮಾತಾಡದ ಕೆಲಸಕ್ಕೆ ಕೂರಿಸಿದ್ದರು. ಗುಡುಗಿಗಿಂತ ಈ ಬಾಯಿಕಟ್ಟು ಎಷ್ಟು ಕಷ್ಟದ್ದೆಂದು ಯೋಚಿಸಿದ್ದೀರಾ?

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ, ರೈಲ್ವೆ ಸಿಗ್ನಲ್‌ನವನೊಬ್ಬನ ಮೇಲೆ ಕಥೆ ಬರೆಯುವ ಆಸೆ ಹೇಳಿಕೊಂಡಾಗ ನಮ್ಮ ಹಿರಿಯ ಸಂಪಾದಕರು, ‘ಮೊದಲು ಹೋಗಿ ಅವನ ಕೈ ನೋಡಿಕೊಂಡು ಬಾ, ಮನಸ್ಸು ಆಮೇಲೆ ನೋಡೋಣ’ ಎಂದು ಅರಸೀಕೆರೆಗೆ ಅಟ್ಟಿದರು. ಕ್ಯಾಬಿನ್ನಿನಲ್ಲಿದ್ದಾತ ಪ್ರತಿ ಲಿವರನ್ನೂ ಬಟ್ಟೆ ಸುತ್ತಿಯೇ ಎಳೆಯುತ್ತಿದ್ದ; ಬೆವರು ತಾಗಿದರೆ ಉಕ್ಕಿನ ಹಿಡಿಗೆ ತುಕ್ಕು ಹಿಡಿಯುತ್ತದೆಯಂತೆ. ಹೆಂಡತಿ ತೀರಿಕೊಂಡ ಸುದ್ದಿ ಬಂದ ರಾತ್ರಿಯೂ ಆ ಬಟ್ಟೆ ಮರೆಯಲಿಲ್ಲವೆಂದು ಜೊತೆಯವನು ಹೇಳಿದ. ಅವನ ದುಃಖದ ಬಗ್ಗೆ ನಾನು ಬೇರೇನೂ ಬರೆಯಬೇಕಾಗಲಿಲ್ಲ.

ಇನ್ನು ‘ನಾನು ತಾಯ್ನಾಡಿಗೆ ದ್ರೋಹಿಯೇ?’ ಎಂಬ ಎರಡು ಪುಟಗಳ ಸ್ವಗತ. ವಿದೇಶದಲ್ಲಿ ನೆಲೆಸಿದ್ದ ಯಹೂದಿಗಳ ಪೌರತ್ವವನ್ನು ಜರ್ಮನಿ 1941ರ ನವೆಂಬರಿನಲ್ಲಿ ಒಂದೇ ಆಜ್ಞೆಯಿಂದ ಕಿತ್ತುಕೊಂಡಿತ್ತು. ಮನೆಯಿಂದ ಹೊರಹಾಕಿಸಿಕೊಂಡವನ ಬಾಯಲ್ಲಿ ಈ ಪ್ರಶ್ನೆ ನಿಮ್ಮದಾಗಿ ಕೇಳಿಸುತ್ತದೆಯೇ ಹೊರತು ಅವನದಾಗಿ ಅಲ್ಲ. ಅವನಿಗಿದ್ದ ಭಯ ಬೇರೆ: ಸೆರೆಸಿಕ್ಕರೆ ಏನು ಗತಿ? ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿದ ಜಾರ್ಜ್ ಫ್ರಾಂಜ್ ಹೈನ್, ತೀರಿಹೋದ ಶಾಲಾಗೆಳೆಯನ ಹೆಸರು ಹೊತ್ತು ಪೀಟರ್ ಸ್ಟೀವನ್ಸ್ ಎಂಬ ಬಾಂಬರ್ ಪೈಲಟ್ ಆಗಿದ್ದ. 1941ರ ಸೆಪ್ಟೆಂಬರಿನಲ್ಲಿ ಬರ್ಲಿನ್ ದಾಳಿಯಿಂದ ಮರಳುವಾಗ ಸೆರೆಸಿಕ್ಕು, ಯುದ್ಧ ಮುಗಿಯುವವರೆಗೆ ಜರ್ಮನರ ಶಿಬಿರಗಳಲ್ಲೇ ಇಂಗ್ಲಿಷಿನವನಾಗಿ ಉಳಿದ. ನಿದ್ದೆಯಲ್ಲಿ ಯಾವ ಭಾಷೆ ಬಾಯಿಗೆ ಬಂದೀತೆಂಬ ಅಂಜಿಕೆಯನ್ನು ನಿಮ್ಮ ನಾಯಕನಿಗೂ ಕೊಟ್ಟು ನೋಡಿ. ಆ ಎರಡು ಪುಟ ತಾವಾಗಿಯೇ ಉದುರುತ್ತವೆ.

ದ್ವೀಪದ ಭಾಗವನ್ನು ಮುಟ್ಟಬೇಡಿ. ವಿಮಾನ ಹತ್ತಿದ ನಂತರದ್ದನ್ನೆಲ್ಲ ಹೊಸದಾಗಿ ಬರೆದು ಕಳುಹಿಸಿ, ಓದುತ್ತೇನೆ. ಕೊನೆಯಲ್ಲಿ ಅವನ ತಾಯಿ ಮೋಡಗಳ ನಡುವೆ ಕೈಬೀಸುವುದು ಮಾತ್ರ ಬೇಡ.

ಇತಿ,
ಸಂಪಾದಕ